ಸಲೂನಿನಣ್ಣನ ತೋಳ

"ಅಮ್ಮಾ, ಸಲೂನ್ ಮಾಮ ತೋಳ ಸಾಕಿದ್ದಾರಲ್ಲ, ಅದು ಅವರನ್ನ ಯಾಕೆ ತಿನ್ನಲ್ಲ?"

ಜಡೆ ಹಾಕಿಸಿಕೊಳ್ಳುತ್ತಾ ಮಗಳು ಕೇಳಿದಳು. ದಿನವಿಡೀ ನಿದ್ದೆ ಮಾಡುವುದಕ್ಕೆ ತಿನ್ನಲು ಪುರುಸೊತ್ತೆಲ್ಲಿ ಎಂದೆ.

ಸಲೂನಿನಣ್ಣ ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಎರಡು ಕುರ್ಚಿ, ಒಂದು ಉದ್ದ ಕನ್ನಡಿ ಇಟ್ಟುಕೊಂಡು ಕಟಿಂಗ್ ಮಾಡುತ್ತಾರೆ. ಕೈ ಹಗುರ, ಬಾಯಿ ದೊಡ್ಡದು. ತರಕಾರಿ ಅಂಗಡಿಯ ಹಿಂದೆ ಖಾಲಿ ಪೆಟ್ಟಿಗೆಯಲ್ಲಿ ಕುಂಯ್‌ಗುಡುತ್ತಿದ್ದ ನಾಯಿಮರಿಯನ್ನು ಅವರು ಎತ್ತಿಕೊಂಡಾಗ ನಾನು ಅಲ್ಲೇ ಬದನೆಕಾಯಿ ಆರಿಸುತ್ತಿದ್ದೆ. ಬಿಸಿನೀರಲ್ಲಿ ತೊಳೆದು, ಗಿರಾಕಿಗಳ ಟವೆಲ್ಲಿನಲ್ಲೇ ಒರೆಸಿದರು. ಮರಿಯ ಮೈ ಬೂದು ಬಣ್ಣಕ್ಕೆ ತಿರುಗಿ ಕಿವಿ ನೆಟ್ಟಗಾದದ್ದೇ ತಡ, ಅಣ್ಣ ಹೇಳುವ ಕತೆಯೂ ಬೆಳೆಯತೊಡಗಿತು. ಮೊದಲು ಅದರಲ್ಲಿ ಸ್ವಲ್ಪ ತೋಳದ ರಕ್ತವಿತ್ತು. ಬರಬರುತ್ತಾ ಅರ್ಧಕ್ಕರ್ಧವಾಯಿತು. ಆಮೇಲೆ ತಾಯಿ ತೋಳವನ್ನು ಅಣ್ಣನೇ ಕಣ್ಣಾರೆ ಕಂಡಿದ್ದರು. ಕತ್ತಿಗೆ ಕುತ್ತಿಗೆ ಕೊಟ್ಟು ಕೂತ ಗಿರಾಕಿ ತಿರುಗಿ ವಾದಿಸುವುದುಂಟೇ? ಕಾಲ ಬುಡದಲ್ಲಿ ತೋಳ ಮಲಗಿರುವಾಗ ಗಡ್ಡ ಮಾಡಿಸಿಕೊಳ್ಳುವ ಧೈರ್ಯ ತೋರಿಸಲು ಪಕ್ಕದ ಬೀದಿಗಳ ಗಂಡಸರೂ ಬಂದರು.

ಎಲ್ಲರೂ ನಂಬಿದ್ದೇ ಎಡವಟ್ಟಾಯಿತು. ಕಟ್ಟಡದ ಸಂಘದ ಕಾರ್ಯದರ್ಶಿಗಳು ಇಲ್ಲಿ ಕಾಡುಪ್ರಾಣಿ ಸಾಕುವಂತಿಲ್ಲ ಎಂದು ಮೆಟ್ಟಿಲ ಬಳಿ ನೋಟಿಸ್ ಅಂಟಿಸಿ, ಪ್ರಾಣಿ ಹಿಡಿಯುವ ವ್ಯಾನಿನವರಿಗೂ ಫೋನ್ ಮಾಡಿದರು. ಆ ವ್ಯಾನ್ ಹತ್ತಿದ ಪ್ರಾಣಿ ತಿರುಗಿ ಬಂದದ್ದನ್ನು ನಾವ್ಯಾರೂ ಕಂಡಿಲ್ಲ. ಅಣ್ಣ ಕಾರ್ಯದರ್ಶಿಗಳ ಮನೆಗೇ ಓಡಿದರು. ಇದು ಬರೀ ಬೀದಿನಾಯಿ, ನಾನು ಬಿಟ್ಟದ್ದೆಲ್ಲ ಬುರುಡೆ ಎಂದು ಕೈಮುಗಿದರು. ಸಿಕ್ಕಿಬಿದ್ದವರೆಲ್ಲ ಹೇಳುವುದೇ ಹೀಗೆ ಎಂದುಬಿಟ್ಟರು ಕಾರ್ಯದರ್ಶಿಗಳು.

ಸಾಕ್ಷಿ ಹೇಳಲು ನಾನೂ ಹೋದೆ. ಸುಮ್ಮನೆ ಹೋಗಬಾರದೇ, ಬಲಕ್ಕಿರಲಿ ಎಂದು ಮಗಳ ಪ್ರಾಣಿಗಳ ಪುಸ್ತಕವನ್ನೂ ಒಯ್ದೆ. ಕಾರ್ಯದರ್ಶಿಗಳು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: ನಾಯಿಯ ಪೂರ್ವಜರು ಹಿಂದಿನ ಕಾಲದ ತೋಳಗಳು, ಇಂದಿಗೂ ನಾಯಿ, ತೋಳ ಕೂಡಿದರೆ ಮರಿ ಹುಟ್ಟುತ್ತವೆ, ಎರಡನ್ನೂ ಒಂದೇ ಪ್ರಭೇದ ಎನ್ನುವ ವಿಜ್ಞಾನಿಗಳು ಬಹಳ. ಹೆಸರಲ್ಲಿ ನಾಯಿಯನ್ನಿಟ್ಟುಕೊಂಡ ಸೀಳುನಾಯಿ ಬರೀ ದೂರದ ನೆಂಟ. ತೋಳವಾದರೆ ಒಂದೇ ಮನೆಯದು.

"ನೋಡಿ, ನೀವೇ ತಂದ ಪುಸ್ತಕ," ಎಂದು ಸಾಲಿನ ಮೇಲೆ ಬೆರಳಿಟ್ಟರು.

ಅವರ ತೊಡೆಯ ಮೇಲೆ ರಿಬ್ಬನ್ ಕಟ್ಟಿದ ಬಿಳಿ ಪೊಮೆರೇನಿಯನ್ ಕೂತು ಬಿಸ್ಕತ್ತು ನೆಕ್ಕುತ್ತಿತ್ತು.

"ಹಾಗಾದ್ರೆ ಇದೂ ತೋಳಾನೇ ಆಯ್ತಲ್ಲ ಸಾರ್?"

"ಇದಕ್ಕೆ ಸರ್ಟಿಫಿಕೇಟ್ ಇದೆಯಮ್ಮ."

ವಿಜ್ಞಾನದ ಕೆಲಸ ಅಲ್ಲಿಗೆ ಮುಗಿಯಿತು.

ಸಂಜೆ ಅಣ್ಣ ಅಂಗಡಿಗೆ ಬೇಗ ಬಾಗಿಲೆಳೆದು ನಮ್ಮ ಮನೆಗೆ ಬಂದರು. ಒಂದು ಕೈಯಲ್ಲಿ ನಾಯಿಗೆ ಕಟ್ಟಿದ ಹಗ್ಗ, ಇನ್ನೊಂದರಲ್ಲಿ ಅದು ಅನ್ನ ತಿನ್ನುವ ತಟ್ಟೆ. ಬೆಳಿಗ್ಗೆ ವ್ಯಾನ್ ಬರುತ್ತದಂತೆ. ನಾಯಿ ಒಳಗೆ ಬಂದು ಮಗಳ ಪಾದ ಮೂಸಿ, ಅಲ್ಲೇ ಉರುಳಿಕೊಂಡಿತು. ಅಣ್ಣ ಮಾತ್ರ ಹೊಸ್ತಿಲಾಚೆಯೇ ನಿಂತಿದ್ದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಅಕ್ಕಾ, ನಾಳೆ ಒಂದಿನ ಇದನ್ನ ಇಟ್ಕೊಳ್ಳಿ. ಯಾರಾದ್ರೂ ಕೇಳಿದ್ರೆ ನಿಮ್ದೇ ಅಂದ್ಬಿಡಿ. ನನ್ನ ಅಂಗಡೀಲಿದ್ರೆ ತಾನೇ ಅದು ತೋಳ? ನಿಮ್ಮನೇಲಿದ್ರೆ ನಾಯಿ ಅಂತ ನಂಬ್ತಾರೆ."