ದಾರಿಗೆ ಅಡ್ಡ ನಿಂತ ಅಶ್ವಿನೀ ದೇವತೆ

ವೇಣೂರಿನ ಚಿನ್ನಯ್ಯ ಜೀವಮಾನದಲ್ಲಿ ಒಂದೇ ಒಂದು ಪ್ರಾಚೀನ ಸ್ಮಾರಕ ಕಟ್ಟಿದ. ಅದೂ ೧೯೯೦ರಲ್ಲಿ.

ಕೆಂಪುಕಲ್ಲು ಕಡಿಯುವುದು ಅವನ ಕಸುಬು. ಮನೆಗೆ ಬರುವ ದಾರಿಯ ಬಾಯಲ್ಲಿ ಯಾವ ಕಾಲದ್ದೋ ಆಳೆತ್ತರದ ಕರಿಕಲ್ಲೊಂದು ನಿಂತಿತ್ತು. ಮರ ಸಾಗಿಸುವ ಲಾರಿಗಳು ಅದರ ಪಕ್ಕದಿಂದ ನುಗ್ಗಿ ಅಂಗಳದಲ್ಲೇ ತಿರುಗುತ್ತಿದ್ದವು. ಚಿನ್ನಯ್ಯ ಮೂರು ದಿನ ಒಬ್ಬನೇ ಹಾರೆ ಹಿಡಿದು ಹೋರಾಡಿ, ತೋಡಿನ ನೀರಿನಲ್ಲಿ ಬಿದ್ದಿದ್ದ ಅಂಥದೇ ಕಲ್ಲನ್ನು ತಂದು ಲಾರಿ ನುಗ್ಗುವ ಆ ಪಕ್ಕದಲ್ಲಿ ಅದಕ್ಕೆ ಜೋಡಿಯಾಗಿ ನೆಟ್ಟ. ಲಾರಿಗಳು ಸೋತವು.

೨೦೦೩ರ ಬಿಸು ಹಬ್ಬದ, ಅಂದರೆ ಸೌರ ಯುಗಾದಿಯ ಬೆಳಿಗ್ಗೆ, ಉಜಿರೆಯಲ್ಲಿ ಇತಿಹಾಸ ಕಲಿಸುವ ಕಾಂತಿ ಮೇಡಂ ಆ ಕಲ್ಲುಗಳ ನಟ್ಟನಡುವೆ ಸೂರ್ಯ ಹುಟ್ಟುವುದನ್ನು ಕಂಡರು. ಬಿಸುವಿಗೆ ಸೂರ್ಯ ಅಶ್ವಿನಿ ನಕ್ಷತ್ರಕ್ಕೆ ಬರುತ್ತಾನೆ, ಅಶ್ವಿನೀ ದೇವತೆಗಳು ಅವಳಿಗಳು, ಕಲ್ಲುಗಳೂ ಎರಡು. ಪತ್ರಿಕೆಯಲ್ಲಿ ಚಿತ್ರ ಬಂತು. ಊರಿನ ಸಮಿತಿ 'ಮುಟ್ಟಬಾರದು' ಎಂದು ಬೋರ್ಡು ಹಾಕಿತು. ನಕ್ಷತ್ರ ನೋಡುತ್ತಿದ್ದ ವಂಶದ ಕುಡಿ ಎಂದು ಚಿನ್ನಯ್ಯನಿಗೆ ಶಾಲು ಹೊದೆಸಿದರು. ಅವನು ಹೊದ್ದುಕೊಂಡ.

ಆ ಮಳೆಗಾಲ ಹೆಂಡತಿ ಸರಸಳ ಮಂಡಿ ಕೈಕೊಟ್ಟಿತು. ವಾರಕ್ಕೆರಡು ಸಲ ಮೂಡಬಿದಿರೆಯ ಆಸ್ಪತ್ರೆಗೆ ಹೋಗಬೇಕು; ಹನೀಫಾನ ರಿಕ್ಷಾ ಕಲ್ಲುಗಳ ನಡುವೆ ತೂರುವುದಿಲ್ಲ.

"ಈ ದೇವತೆಗಳು ಯಾರಂತೆ?" ಕೆಸರಿನಲ್ಲಿ ಕುಂಟುತ್ತ ಸರಸ ಕೇಳಿದಳು.

"ದೇವಲೋಕದ ಡಾಕ್ಟ್ರುಗಳು."

"ಹೌದಾ? ನನ್ನ ಮಂಡಿ ಅವರಿಗೆ ಕಾಣುದಿಲ್ವಾ ಮಾರಾಯ್ರೆ?"

ಒಂದು ಕಡೆ ಶಾಲು, ಇನ್ನೊಂದು ಕಡೆ ಮಂಡಿ. ಚಿನ್ನಯ್ಯ ಹದಿನೈದು ದಿನ ಯೋಚಿಸಿ ಉಜಿರೆಯ ಬಸ್ಸು ಹತ್ತಿದ.

"ಬಲಗಡೆಯದ್ದು ನಾನೇ ನೆಟ್ಟದ್ದು ಮೇಡಂ."

"ಸಾವಿರ ವರ್ಷದ ಕಲ್ಲನ್ನು ನಾನೇ ನೆಟ್ಟದ್ದು ಅಂದ್ರೆ ಹೇಗೆ ಚಿನ್ನಯ್ಯನವರೇ? ಒಂದು ಶಾಲು ಸಾಕಾಗ್ಲಿಲ್ವಾ?"

"ಬುಡ ಅಗೆದು ನೋಡುವ. ಅಲ್ಲಾಡದ ಹಾಗೆ ನನ್ನ ಹವಾಯಿ ಚಪ್ಪಲಿ ತುರುಕಿಸಿದ್ದೇನೆ. ಎಡಕಾಲಿಂದು."

ಅಗೆದರು. ಎಡಕಾಲಿನದ್ದೇ. ಮೇಡಂ ಅದನ್ನು ಬಹಳ ಹೊತ್ತು ನೋಡಿ, ಆ ಕಲ್ಲನ್ನು ಕಿತ್ತು ಎಳೆಯುವಾಗ ತಾವೂ ಹಗ್ಗಕ್ಕೆ ಕೈ ಹಚ್ಚಿದರು. ಶಾಲನ್ನು ಯಾರೂ ವಾಪಸು ಕೇಳಲಿಲ್ಲ. ಸರಸ ಅದನ್ನು ಮಂಡಿಗೆ ಸುತ್ತಿಕೊಂಡಳು.

ಮರುವರ್ಷದ ಬಿಸುವಿಗೆ ವಿಷಯ ತಿಳಿಯದ ಇಪ್ಪತ್ತು ಮಂದಿ ಹಳೆಯ ಪತ್ರಿಕೆಯ ತುಂಡು ಹಿಡಿದು ಬಂದರು. ಸರಸಳನ್ನು ತವರಿಗೆ ಕರೆದೊಯ್ಯಲು ಬಂದ ರಿಕ್ಷಾ ಅಲ್ಲೇ ನಿಂತಿತ್ತು.

"ಇನ್ನೊಂದು ಕಲ್ಲು ಎಲ್ಲುಂಟು?"

"ಅದು ಸುಳ್ಳು. ನಾನು ನೆಟ್ಟದ್ದು," ಎಂದ ಚಿನ್ನಯ್ಯ. ಇಪ್ಪತ್ತು ಮುಖಗಳೂ ಬಾಡಿದವು. ಅವನಿಗೆ ಪಾಪ ಅನ್ನಿಸಿತು. ಕಲ್ಲನ್ನು ನೋಡಿದ, ಕೆಂಪಾಗುತ್ತಿದ್ದ ಮೂಡಣವನ್ನು ನೋಡಿದ.

"ಹನೀಫಾ, ರಿಕ್ಷಾ ಒಂದು ಗೇಣು ಹಿಂದೆ ತೆಗಿ ಮಾರಾಯ."

ಕಲ್ಲಿಗೂ ರಿಕ್ಷಾಕ್ಕೂ ನಟ್ಟನಡುವೆ ಸೂರ್ಯ ಹುಟ್ಟಿದ. ಎಲ್ಲರೂ ಕೈಮುಗಿದರು. ಹನೀಫಾ ಮರ್ಯಾದೆಗೆಂದು ಇಂಜಿನ್ ಆಫ್ ಮಾಡಿದ.