ಎಡ ಸೀಟಿನ ಸಾಕ್ಷಿ

ನ್ಯೂಜೆರ್ಸಿಯ ಹೆದ್ದಾರಿಗಳಲ್ಲಿ ಟೋಲಿನ ಚಿಲ್ಲರೆ ಎಸೆಯುವ ಬುಟ್ಟಿ ಯಾವಾಗಲೂ ಎಡಗಡೆಗೇ ಇರುತ್ತದೆ ಎಂಬುದನ್ನು ಈ ದೇಶದಲ್ಲಿ ಹುಟ್ಟಿದವರು ಗಮನಿಸಿರಲಾರರು. ಅವರ ಸ್ಟೀರಿಂಗ್ ಎಡಗಡೆ, ಬುಟ್ಟಿಯೂ ಎಡಗಡೆ. ಕೈ ಚಾಚಿದರೆ ಆಯಿತು. ನಾನು ಗಮನಿಸಿದ್ದೇನೆ. ಎಪ್ಪತ್ತರ ದಶಕದ ಆರಂಭದಲ್ಲಿ ಎಂಟು ತಿಂಗಳ ಕಾಲ, ಬಹುತೇಕ ಪ್ರತಿ ಭಾನುವಾರ, ಬಲಗಡೆ ಸ್ಟೀರಿಂಗ್ ಇದ್ದ ಕಾರೊಂದರ ಎಡ ಸೀಟಿನಲ್ಲಿ ಕೂತು ಆ ಬುಟ್ಟಿಗೆ ನಾಣ್ಯ ಎಸೆಯುವ ಹುದ್ದೆ ನನ್ನದಾಗಿತ್ತು. ಸಂಬಳವಿರಲಿಲ್ಲ, ಗೌರವವಿತ್ತು.

ಕಾರು ಡಾಕ್ಟರ್ ಶೇಷಗಿರಿಯವರದು. ನ್ಯೂಯಾರ್ಕಿನ ಫ್ಲೋರಲ್ ಪಾರ್ಕಿನಲ್ಲಿ ನಾವಿದ್ದ ಮನೆಯ ಕೆಳಮಹಡಿಯಲ್ಲಿ ಅವರೂ ಅವರ ಹೆಂಡತಿ ವಿಮಲಕ್ಕನೂ ಇದ್ದರು. ಮೇಲಿನ ಕೋಣೆಯಲ್ಲಿ, ಸೇತುವೆಗಳ ನಕ್ಷೆ ಬರೆಯುವ ಕೆಲಸ ಮಾಡಿಕೊಂಡು, ಮದುವೆಯಾಗದ ನಾನು. ಡಾಕ್ಟರು ಇಂಗ್ಲೆಂಡಿನಲ್ಲಿ ಆರು ವರ್ಷ ಇದ್ದು, ಇಲ್ಲಿಯ ಆಸ್ಪತ್ರೆಯೊಂದಕ್ಕೆ ಸ್ವಲ್ಪ ಕಾಲದ ಮಟ್ಟಿಗೆ ಬಂದವರು. ಮರದ ಚೌಕಟ್ಟಿನ ಮೇಲೆ ಅಲ್ಯುಮಿನಿಯಂ ತಗಡು ಹೊದಿಸಿ ಕೈಯಿಂದಲೇ ಕಟ್ಟಿದ, ಎರಡೇ ಸೀಟಿನ ಆ ಕಾರನ್ನು ಮಾರಲು ಮನಸ್ಸಾಗದೆ, ಇಂಗ್ಲೆಂಡಿನ ನಂಬರ್ ಪ್ಲೇಟಿನ ಸಮೇತ ಹಡಗಿನಲ್ಲಿ ತಂದಿದ್ದರು. ವಿಮೆ ಮಾಡಿಸಲು ಹೊರಟಾಗ, ಗಂಡನ ಮನೆಯವರು ತವರಿನವಳು ಎಂದೂ ತವರಿನವರು ಗಂಡನ ಮನೆಯವಳು ಎಂದೂ ಕೈ ತೊಳೆದುಕೊಂಡ ಸೊಸೆಯ ಸ್ಥಿತಿ ಅದರದಾಯಿತು. ಇಲ್ಲಿಯ ಕಂಪನಿಗಳು ಕಾರು ನಮ್ಮ ದೇಶದ್ದಲ್ಲ ಎಂದವು. ಅಲ್ಲಿಯ ಕಂಪನಿ ನೀವೀಗ ನಮ್ಮ ದೇಶದಲ್ಲಿಲ್ಲ ಎಂದಿತು. ಕೊನೆಗೆ ಮ್ಯಾನ್‌ಹಟನ್ನಿನ ಒಂದು ಸಣ್ಣ ಕಚೇರಿ, ಸರ್ಕಸ್ಸಿನ ಲಾರಿಗಳಿಗೂ ವಿಮೆ ಕೊಡುವಂಥದ್ದು, ಒಂದು ಷರತ್ತಿನ ಮೇಲೆ ಒಪ್ಪಿತು. ಬಲಗಡೆ ಕೂತವರಿಗೆ ಎದುರಿನ ರಸ್ತೆ ಸರಿಯಾಗಿ ಕಾಣದಾದ್ದರಿಂದ, ಕಾರು ಓಡುವಾಗಲೆಲ್ಲ ಎಡ ಸೀಟಿನಲ್ಲಿ ಲೈಸೆನ್ಸ್ ಇರುವ ಇನ್ನೊಬ್ಬ ಚಾಲಕ ಕೂತಿರಬೇಕು.

ಅರ್ಜಿ ತುಂಬುವಾಗ ನಾನು ಅಲ್ಲೇ ಕಾಫಿ ಕುಡಿಯುತ್ತಿದ್ದೆ.

"ನಿಮಗೆ ಲೈಸೆನ್ಸ್ ಇದೆಯಲ್ಲ?" ಎಂದರು ಡಾಕ್ಟರು.

"ಹೂಂ, ಬಂದ ಹಾಗೇ," ಎಂದೆ.

ಓದುಗರೇ, ಸ್ನಾನದ ಮನೆಯಲ್ಲಿ ಮೈಗೆ ಸೋಪು ಹಚ್ಚಿಕೊಂಡು ನಿಂತೇ 'ಹೊರಟೆ' ಎಂದು ಕೂಗುವ ಜನ ನಾವು. ಆಗಬೇಕಾದದ್ದನ್ನು ಆಯಿತೆಂದು ಹೇಳುವುದನ್ನು ಸುಳ್ಳಿನ ಲೆಕ್ಕಕ್ಕೆ ಹಿಡಿದವರಲ್ಲ. ನನ್ನ ಹತ್ತಿರ ಇದ್ದದ್ದು ಕಲಿಯುವವರ ಪರ್ಮಿಟ್. ಪರೀಕ್ಷೆಯಲ್ಲಿ ಒಮ್ಮೆ ನಪಾಸಾಗಿದ್ದೆ. ಆಮೇಲೆ ಇನ್ನೊಮ್ಮೆ ನಪಾಸಾದೆ. ಡಾಕ್ಟರು ಮತ್ತೆ ಕೇಳಲಿಲ್ಲ, ನಾನು ಹೇಳಲಿಲ್ಲ.

ವಿಮಲಕ್ಕನಿಗೆ ಲೈಸೆನ್ಸ್ ಇರಲಿಲ್ಲವಾದ್ದರಿಂದ ಗಂಡನ ಕಾರಿನಲ್ಲಿ ಅವರಿಗೆ ಜಾಗವಿಲ್ಲದಂತಾಯಿತು. ಭಾನುವಾರ ನ್ಯೂಜೆರ್ಸಿಯ ಸ್ನೇಹಿತರ ಮನೆಯಲ್ಲಿ ಕನ್ನಡದವರು ಸೇರುವಾಗ ಅವರು ಬೇರೆಯವರ ಸ್ಟೇಷನ್ ವ್ಯಾಗನ್ನಿನಲ್ಲಿ ಪಾತ್ರೆಗಳ ಜೊತೆ ಬರುತ್ತಿದ್ದರು. "ನನಗಿಂತ ನೀವೇ ಪುಣ್ಯವಂತರು ಬಿಡಿ," ಎಂದು ಒಮ್ಮೆ ನನಗೆ ಹೇಳಿದರು, "ನನ್ನ ಪಕ್ಕ ಇಷ್ಟು ಹೊತ್ತು ಇವರು ಕೂತಿದ್ದು ಮದುವೆ ಮಂಟಪದಲ್ಲಿ ಮಾತ್ರ."

ಒಂದು ಭಾನುವಾರ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ಟೋಲಿನ ಸಾಲಿನಲ್ಲಿ ನಮ್ಮ ಮುಂದೆ ಒಂದು ನೀಲಿ ವ್ಯಾನು ನಿಂತಿತ್ತು. ನಮ್ಮ ಹಿಂದೆ ಯಾರೂ ಇರಲಿಲ್ಲ. ಡಾಕ್ಟರು ಹ್ಯಾಂಡ್‌ಬ್ರೇಕ್ ಎಳೆದರು. ನಾನು ಮೊದಲೇ ಹಿಡಿದುಕೊಂಡಿದ್ದ ನಾಣ್ಯ ಬೆರಳಿನಿಂದ ಜಾರಿ ಕಿಟಕಿಯಾಚೆ ರಸ್ತೆಗೆ ಬಿತ್ತು.

"ಹೋಗ್ಲಿ ಬಿಡ್ರೀ, ಇನ್ನೊಂದಿದೆ," ಎಂದರು ಡಾಕ್ಟರು.

ಬಿಡಲಾಗಲಿಲ್ಲ. ಬಾಗಿಲು ತೆರೆದು ಇಳಿದೆ, ಬಗ್ಗಿದೆ. ವ್ಯಾನಿನ ಹಿಂಬದಿಯ ಬಿಳಿಯ ದೀಪ ಹೊತ್ತಿದ್ದು ಆಗ ಕಂಡಿತು. ನಾಣ್ಯ ಎತ್ತಿಕೊಂಡೆ. ಮುಂದಿನ ಕ್ಷಣದಲ್ಲಿ ತಗಡು ಮುದುಡುವ ಸದ್ದು. ವ್ಯಾನು ಗುದ್ದಿ ಹಿಂದಕ್ಕೆ ಸರಿದ ನಮ್ಮ ಕಾರಿನ ಬಾಗಿಲು ನನ್ನನ್ನು ತಳ್ಳಿ ರಸ್ತೆಯ ಮೇಲೆ ಕೂರಿಸಿತು. ಮೊಣಕೈ ತರಚಿತು, ಅಷ್ಟೆ. ಚಿಲ್ಲರೆ ಇಲ್ಲದೆ ಬೇರೆ ಸಾಲಿಗೆ ಹೋಗಲು ಹಿಂದಕ್ಕೆ ಬಂದಿದ್ದ ವ್ಯಾನಿನವನು, ಪೊಲೀಸರು ಬಂದೊಡನೆ, ತಾನು ನಿಂತೇ ಇದ್ದೆನೆಂದೂ ನಾವೇ ಹಿಂದಿನಿಂದ ಗುದ್ದಿದೆವೆಂದೂ ಹೇಳಿದ.

ಹಿಂದಿನಿಂದ ಗುದ್ದಿದವರದೇ ತಪ್ಪು ಎನ್ನುವುದು ಎಲ್ಲ ದೇಶದ ನ್ಯಾಯ. ನಮ್ಮ ಕಡೆಗಿದ್ದ ಒಬ್ಬನೇ ಸಾಕ್ಷಿ ನಾನು. ನನಗೆ ಲೈಸೆನ್ಸ್ ಇಲ್ಲವೆಂದು ತಿಳಿದರೆ ಷರತ್ತು ಮುರಿದು ವಿಮೆಯೇ ಬಿದ್ದುಹೋದೀತು. ವಿಮೆಯಿಲ್ಲದ ಕಾರು ಓಡಿಸಿದ್ದು ಅಪರಾಧವಾದೀತು. ಅಪರಾಧವೆಂದರೆ ಡಾಕ್ಟರ ವೀಸಾ, ವೀಸಾ ಎಂದರೆ ಅವರ ಕೆಲಸ. ನಾಲ್ಕು ದಿನ ಅನ್ನ ಸೇರಲಿಲ್ಲ. ಡಾಕ್ಟರು ಮಾತ್ರ ನನ್ನ ಮೊಣಕೈಗೆ ದಿನವೂ ತಾವೇ ಪಟ್ಟಿ ಬದಲಿಸುತ್ತಿದ್ದರು.

ಐದನೆಯ ದಿನ ವಿಮಾ ಕಚೇರಿಯಿಂದ ವಿಚಾರಣೆಗೆ ಬಂದವರು ಬಿಳಿ ಹುಬ್ಬಿನ, ಮಂದವಾಗಿ ಮಾತನಾಡುವ ಮುದುಕರು. ಅವರು ಪೆನ್ನಿನ ಮುಚ್ಚಳ ತೆಗೆಯುವ ಮೊದಲೇ ಹೇಳಿಬಿಟ್ಟೆ: ನನಗೆ ಲೈಸೆನ್ಸ್ ಇಲ್ಲ, ಎಂದೂ ಇರಲಿಲ್ಲ, ಇದು ಡಾಕ್ಟರಿಗೆ ತಿಳಿಯದು. ಡಾಕ್ಟರು ನನ್ನ ಕಡೆ ನೋಡಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ಕೂತರು.

ಮುದುಕರು ಅದನ್ನು ಬರೆದುಕೊಂಡು, ಡಿಕ್ಕಿಯಾದದ್ದನ್ನು ನಾನು ಕಣ್ಣಾರೆ ಕಂಡೆನೇ ಎಂದು ಕೇಳಿದರು. ಇಲ್ಲ, ಆ ಕ್ಷಣದಲ್ಲಿ ಕಣ್ಣು ಮುಚ್ಚಿಕೊಂಡಿದ್ದೆ ಎಂದೆ. ರಸ್ತೆಯ ನಡುವೆ ಯಾಕೆ ಕಣ್ಣು ಮುಚ್ಚಿಕೊಂಡಿರಿ ಎಂದರು. ಬಿದ್ದ ನಾಣ್ಯವನ್ನು ಎತ್ತಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆ ಎಂದೆ. ಇಂಗ್ಲಿಷಿನಲ್ಲಿ ಹೇಳಿದಾಗ ಅದು ನನಗೇ ಹುಚ್ಚರ ಮಾತಿನಂತೆ ಕೇಳಿಸಿತು.

ಅವರು ಜೇಬಿನಿಂದ ಒಂದು ನಾಣ್ಯ ತೆಗೆದು, ಹೇಗೆಂದು ತೋರಿಸಿ ಎಂದು ಚಾಚಿದರು. ತೆಗೆದುಕೊಂಡೆ. ಅದು ಬೆರಳಿನಿಂದ ಜಾರಿ ನೆಲಹಾಸಿನ ಮೇಲೆ ಉರುಳಿತು. ಅಡುಗೆಮನೆಯಲ್ಲಿದ್ದು ಇದಾವುದನ್ನೂ ಕೇಳಿರದ ವಿಮಲಕ್ಕ ಅದೇ ಹೊತ್ತಿಗೆ ಕಾಫಿ ತಟ್ಟೆ ಹಿಡಿದು ಬಂದರು. ಅವರ ಕಾಲಿಗೆ ನಾಣ್ಯ ತಗುಲಿತು. ತಟ್ಟೆಯನ್ನು ಮೇಜಿನ ಮೇಲಿಟ್ಟು, ಬಗ್ಗಿ, ನಾಣ್ಯ ಎತ್ತಿ, ಕಣ್ಣು ಮುಚ್ಚಿ ಎರಡು ಕಣ್ಣಿಗೂ ಒತ್ತಿಕೊಂಡು, "ಯಾರದ್ರೀ ಇದು, ಕಾಲಡಿ ಹಾಕ್ಕೊಂಡು ಕೂತಿದೀರಲ್ಲ," ಎಂದು ನನ್ನನ್ನು ಗದರಿ ಒಳಗೆ ಹೋದರು.

ಮುದುಕರು ವಿಮಲಕ್ಕ ಹೋದ ಬಾಗಿಲಿನ ಕಡೆ ನೋಡಿದರು. ಓಡುತ್ತಿರುವ ಕಾರಿನಿಂದ ಇದನ್ನು ಮಾಡಲಾಗದು, ಗುದ್ದಿದ್ದು ವ್ಯಾನೇ ಎಂದರು. ಅನಂತರ ಕರಾರಿನ ಹಾಳೆ ತಿರುವಿ, ಬೆರಳಿಟ್ಟು, ಪ್ರತಿ ಪದವನ್ನೂ ಓದಿದರು. ಷರತ್ತು ಕಾರು ಓಡುವಾಗಿನದು, ಕಾರು ನಿಂತಿತ್ತು. ಷರತ್ತು ಎಡ ಸೀಟಿನಲ್ಲಿ ಕೂತವನದು, ನೀವು ಕೂತಿರಲಿಲ್ಲ. "ನಿಂತ ಕಾರಿನ ಪಕ್ಕ ಬಗ್ಗುವುದಕ್ಕೆ ನಾನು ಬಲ್ಲ ಯಾವ ರಾಜ್ಯದಲ್ಲೂ ಲೈಸೆನ್ಸ್ ಕೇಳುವುದಿಲ್ಲ. ಆದರೆ ಲೈಸೆನ್ಸ್ ಬರುವವರೆಗೆ ಮತ್ತೆ ಆ ಸೀಟಿನಲ್ಲಿ ಕೂರಬೇಡಿ," ಎಂದು ಹೇಳಿ, ಕಾಫಿ ಪೂರ್ತಿ ಕುಡಿದು, ಹೋದರು.

ಎದೆಯ ಮೇಲಿನ ಚಪ್ಪಡಿ ಇಳಿಯಿತು. ಅದರ ಕೆಳಗೆ ಇನ್ನೊಂದಿರುವುದು ಆಗ ತಿಳಿಯಿತು. "ಡಾಕ್ಟ್ರೇ, ತಪ್ಪಾಯ್ತು," ಎಂದೆ.

"ಟೆಸ್ಟ್ ಯಾವಾಗ ಕೊಡ್ತೀರಿ?" ಎಂದರು ಅವರು. ಆಮೇಲೆ ಆ ಮಾತೆತ್ತಲಿಲ್ಲ.

ಮೂರು ವಾರದಲ್ಲಿ ಕಾರು ರಿಪೇರಿಯಾಗಿ ಬಂತು. ನಮ್ಮ ಬಳಗದಲ್ಲಿ ಲೈಸೆನ್ಸ್ ಇದ್ದವರು ಹಲವರು. ಇಬ್ಬರು ತಾವಾಗಿಯೇ ಎಡ ಸೀಟಿಗೆ ಬರುತ್ತೇವೆಂದರು. ಡಾಕ್ಟರು ಇಬ್ಬರಿಗೂ, "ಅಲ್ಲಿ ಒಬ್ಬರು ಇದಾರೆ," ಎಂದರಂತೆ. ಮತ್ತೆ ನಾಲ್ಕು ಭಾನುವಾರ ಆ ಕಾರು ಹೊದಿಕೆ ಹೊದ್ದು ಮನೆಯ ಮುಂದೆ ನಿಂತಿತು. ಅದರ ಒಡೆಯರು ಸ್ಟೇಷನ್ ವ್ಯಾಗನ್ನಿನ ಹಿಂದಿನ ಸೀಟಿನಲ್ಲಿ, ಪುಳಿಯೋಗರೆಯ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಂಡತಿಯ ಪಕ್ಕದಲ್ಲಿ ನ್ಯೂಜೆರ್ಸಿಗೆ ಹೋಗಿಬಂದರು.

ಮೂರನೆಯ ಸಲ ನಾನು ಪಾಸಾದೆ. ಕಾಗದವನ್ನು ಅವರ ಕೈಗೇ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ನನ್ನ ಹೆಸರಿನಿಂದ ಹಿಡಿದು ಕೆಳಗಿನ ಮೊಹರಿನ ತನಕ ನಿಧಾನವಾಗಿ ಓದಿ, ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿ, ಹಿಂದಕ್ಕೆ ಕೊಟ್ಟರು. ಆಮೇಲೆ ಕೋಟು ಹಾಕಿಕೊಂಡು, ಕಾರಿನ ಹೊದಿಕೆಯ ಒಂದು ತುದಿ ತಾವು ಹಿಡಿದು, ಇನ್ನೊಂದು ತುದಿ ಹಿಡಿಯುವಂತೆ ನನಗೆ ಸನ್ನೆ ಮಾಡಿದರು.