ಹಸಿ ತೊಗರಿಯ ಉದಕ

ಹಸಿ ತೊಗರಿಕಾಯಿ ಸುಲಿಯುವಾಗ ಬೆರಳಿಗೆ ಅಂಟುವ ಒಂದು ವಾಸನೆಯಿದೆ. ಹುಲ್ಲಿನದಲ್ಲ, ಹಾಲಿನದೂ ಅಲ್ಲ. ಎರಡರ ನಡುವೆ ಎಲ್ಲೋ ಇರುವಂಥದ್ದು. ಈ ಚಳಿಗಾಲದಲ್ಲಿ ಆಳಂದದ ನಮ್ಮ ಓಣಿಗೆ ತಳ್ಳುಗಾಡಿಯಲ್ಲಿ ಹಸಿ ತೊಗರಿ ಬಂದಾಗ ಅಗತ್ಯಕ್ಕಿಂತ ಹೆಚ್ಚೇ ಕೊಂಡು, ಬಿಸಿಲಿಗೆ ಕಟ್ಟೆಯ ಮೇಲೆ ಕೂತು ಸುಲಿಯತೊಡಗಿದೆ. ಅಧ್ಯಾಪಕನೊಬ್ಬ ಕಾಲೇಜಿಗೆ ರಜೆ ಹಾಕಿ ಕಾಯಿ ಸುಲಿಯುತ್ತಿದ್ದರೆ ಓಣಿಯಲ್ಲಿ ಹೋಗುವವರು ನಗುವುದು ಸಹಜ. ನಗಲಿ. ನನಗೆ ಅಂದು ಒಂದು ತುರ್ತಿತ್ತು.

ಅವ್ವ ಜ್ವರದಿಂದ ಎದ್ದಿದ್ದಳು, ಆದರೆ ಬಾಯಿ ಸತ್ತುಹೋಗಿತ್ತು. ರೊಟ್ಟಿ ಬೇಡ, ಅನ್ನ ಬೇಡ, ಗಂಜಿಯ ಹೆಸರೆತ್ತಿದರೆ ಗೋಡೆಯ ಕಡೆ ತಿರುಗುತ್ತಿದ್ದಳು. ನೋಡಲು ಬಂದ ಡಾಕ್ಟರು ಮೈಸೂರು ಕಡೆಯ ಹುಡುಗ. "ಏನು ತಿನ್ನಬೇಕು ಅನ್ಸುತ್ತೆ ಅಜ್ಜಿ?" ಎಂದು ಕೇಳಿದ. ಅವ್ವ ಕಣ್ಣು ಮುಚ್ಚಿಕೊಂಡೇ, "ಉದಕ," ಅಂದಳು. ಆತ ಸಂತೋಷಪಟ್ಟು, "ಧಾರಾಳವಾಗಿ ಕುಡೀಲಿ, ಕಾಯಿಸಿ ಆರಿಸಿದ ನೀರು ಕೊಡಿ," ಅಂದುಬಿಟ್ಟ. ಆತನ ತಪ್ಪೇನಿಲ್ಲ. ಅವನ ಊರಿನಲ್ಲಿ ಉದಕವೆಂದರೆ ನೀರು, ಅದೂ ಪೂಜೆಯ ನೀರು. ನಮ್ಮಲ್ಲಿ ಉದಕವೆಂದರೆ ಕಾಳು ಹುರಿದು, ಅರ್ಧ ಕುಟ್ಟಿ, ಹುಳಿ ಖಾರ ಹಾಕಿ ಕುದಿಸಿದ, ರೊಟ್ಟಿ ಮುರಿದು ಹಾಕಿದರೆ ರೊಟ್ಟಿಯೇ ಮುಳುಗಿ ಕಾಣದಂಥ ಗಟ್ಟಿ ಸಾರು. ಹೋಗುವಾಗ ಬಾಗಿಲಲ್ಲಿ ನಿಂತು ಆತ ನನಗೆ ಹೇಳಿದ: "ಬಿಸಿಯಾಗಿ ಸೂಪ್ ಥರ ಏನಾದ್ರೂ ಹೊಟ್ಟೆಗೆ ಹೋಗ್ಲೇಬೇಕು ಸರ್. ಇಲ್ಲಾಂದ್ರೆ ಆಸ್ಪತ್ರೆಗೆ ಸೇರಿಸಿ ಸಲೈನ್ ಹಾಕಬೇಕಾಗುತ್ತೆ."

ಆಸ್ಪತ್ರೆ ಎಂದರೆ ಅವ್ವನಿಗೆ ಏನೆಂದು ನನಗೆ ಗೊತ್ತು. ಅಲ್ಲಿಗೆ ಹೋದವರು ಹೊರಗೆ ಬಂದರೂ ಅರ್ಧವೇ ಬರುತ್ತಾರೆ ಎಂಬುದು ಅವಳ ಗಟ್ಟಿ ನಂಬಿಕೆ.

ನನ್ನ ಹೆಂಡತಿ ಪೊಟ್ಟಣ ಒಡೆದು ಟೊಮೆಟೊ ಸೂಪು ಮಾಡಿ ತಂದಳು. ಅವ್ವ ಚಮಚದ ತುದಿಯಲ್ಲಿ ನೆಕ್ಕಿ, "ಇದೇನಬೇ ಕೆಂಪು ನೀರು? ನಿಮ್ಮ ಗೊಬ್ಬೂರದಾಗ ಇದನ್ನss ಉಣ್ತಾರೇನು?" ಅಂದಳು.

"ಗೊಬ್ಬೂರದಾಗ ರೊಟ್ಟಿ ಉಣ್ತಾರ್ರಿ ಅತ್ಯಾರ. ಇದು ನಿಮ್ಮ ಡಾಕ್ಟರ್ ಹೇಳಿದ್ದು," ಎಂದಳು ಹೆಂಡತಿ. ಅವಳ ತವರಾದ ಅಫಜಲಪುರ ತಾಲ್ಲೂಕಿನವರು ಮಾತಿನಲ್ಲಿ ಸೋಲುವುದಿಲ್ಲ. ಬಟ್ಟಲು ಮಾತ್ರ ತುಂಬಿದಂತೆಯೇ ಅಡಿಗೆಮನೆಗೆ ಮರಳಿತು.

ಆಗ ನಾನೇ ಉದಕ ಮಾಡುತ್ತೇನೆ ಎಂದೆ. ನೆಲೋಗಿಯಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಈ ಸುದ್ದಿ ತಿಳಿಸಿದಾಗ ಅವಳು ನಕ್ಕ ನಗು ಜೇವರ್ಗಿ ದಾಟಿ ಬಂತು. "ಲೇ ತಮ್ಮಾ, ಚಹಾ ಸೋಸಾಕ ಬರ್ತದೇನು ನಿನಗ? ಅವ್ವನ ಉದಕ ಅಂದ್ರ ಅವ್ವನ ಉದಕ. ಬ್ಯಾರೆಯವರ ಕೈಲೆ ಅದು ಆಗಂಗಿಲ್ಲ."

ನಿಮಗೆ ನನ್ನ ಕಷ್ಟ ಹೇಳಬೇಕು. ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು. ಒಬ್ಬನೇ ಸಾಕ್ಷಿಯನ್ನು ನಂಬಬೇಡ, ಅವನು ಹಸಿದಿದ್ದ ಸಾಕ್ಷಿಯಾದರೆ ಇನ್ನೂ ನಂಬಬೇಡ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತ ಬಂದವನು. ಅವ್ವನಿಗೆ ಹೇಳಿಕೊಡುವ ಕಸುವಿಲ್ಲ, ಅಕ್ಕ ನಕ್ಕು ಮುಗಿಸಿದಳು; ಈಗ ಬಾಲ್ಯದ ಉದಕದ ರುಚಿಗೆ ಸಾಕ್ಷಿ ನಾನೊಬ್ಬನೇ, ಮತ್ತು ಆ ಸಾಕ್ಷಿ ಯಾವಾಗಲೂ ಹಸಿದೇ ಇರುತ್ತಿದ್ದ.

ನಾನು ಹುಡುಗನಿದ್ದಾಗ, ಮಾದನಹಿಪ್ಪರಗಾದಲ್ಲಿ ನಮ್ಮ ಮನೆಗೂ ನನಗೆ ಚಿಕ್ಕಮ್ಮನಂತಿದ್ದ ಮಹಬೂಬಿ ಖಾಲಾನ ಮನೆಗೂ ಅಂಗಳ ಒಂದೇ. ಚಳಿಗಾಲದ ಮುಂಜಾವುಗಳಲ್ಲಿ ಎರಡು ಒಲೆಗೆ ಯಾಕೆ ಕಟ್ಟಿಗೆ ಸುಡಬೇಕೆಂದು ಅಂಗಳದಲ್ಲೇ ಮೂರು ಕಲ್ಲು ಹೂಡಿ, ಒಂದೇ ದೊಡ್ಡ ಗಡಿಗೆ ಇಡುತ್ತಿದ್ದರು. ಕಾಳು ಹುರಿದು ಕುಟ್ಟುವುದು ಅವ್ವ. ಕೂತು ಕುದಿಸುವುದು ಖಾಲಾ. ಆಮೇಲೆ ಗಡಿಗೆ ಎರಡು ಪಾಲಾಗುತ್ತಿತ್ತು. ನಮ್ಮ ಹೊಸ್ತಿಲು ದಾಟಿದ ಪಾಲು ಉದಕ. ಅವರ ಹೊಸ್ತಿಲು ದಾಟಿದ್ದು ಶೋರ್ವಾ.

ನನಗೆ ಅವು ಎರಡು ಬೇರೆ ಅಡಿಗೆ ಅನ್ನಿಸಿತ್ತು. ನಮ್ಮ ಮನೆಯಲ್ಲಿ ಉದಕ ಉಂಡು, ಬಾಯಿ ಒರೆಸಿಕೊಂಡು ಖಾಲಾನ ಮನೆಗೆ ಓಡುತ್ತಿದ್ದೆ. "ಆವೋ ಬೇಟಾ, ಶೋರ್ವಾ ಕುಡಿ ಬಾ," ಎಂದು ಆಕೆ ಬಟ್ಟಲು ತುಂಬುತ್ತಿದ್ದಳು. ಒಂದು ದಿನ ಅವ್ವನ ಮುಂದೆ, "ನಿನ್ನ ಉದಕಕ್ಕಿಂತ ಖಾಲಾನ ಶೋರ್ವಾ ಭಾಳ ಛಲೋ ಇರ್ತದ," ಎಂದು ತೀರ್ಪು ಕೊಟ್ಟೆ. ಇಬ್ಬರೂ ಹೆಂಗಸರು ಮುಖ ಮುಖ ನೋಡಿಕೊಂಡರು. ಖಾಲಾ ನೆಲಕ್ಕೆ ಕೈಯೂರಿ ನಕ್ಕಳು. "ಹೌ ರೇ ಹೌ! ಕೇಳಿದ್ರೇನ್ರೀ ಅಕ್ಕಾ, ನಿಮ್ಮ ಮಗ ಭಾಳ ಶ್ಯಾಣ್ಯಾ ಅದಾನ." ಅವ್ವ ನಗಲಿಲ್ಲ. ಒಂದೇ ಗಡಿಗೆಯ ಸಾರಿನಲ್ಲೂ ತಾನು ಸೋಲಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ಅಂಥ ನಾಲಗೆಯನ್ನು ನಂಬಿ ಅಡಿಗೆಗೆ ನಿಂತೆ, ನೋಡಿ. ಮೊದಲ ಸಲ ನೆನಪಿನ ಮೇಲೆ ಭರವಸೆಯಿಲ್ಲದೆ, ಫೋನಿನಲ್ಲಿ ಯಾರೋ ಮಾಡಿ ತೋರಿಸಿದಂತೆ ಕಾಳನ್ನೆಲ್ಲ ಮಿಕ್ಸರಿಗೆ ಹಾಕಿ ನುಣ್ಣಗೆ ಮಾಡಿದೆ. ಅವ್ವ ಒಂದು ಗುಟುಕು ಬಾಯಲ್ಲಿಟ್ಟುಕೊಂಡು, ನುಂಗಬೇಕೋ ಬೇಡವೋ ಎಂದು ಯೋಚಿಸಿದಳು.

"ಕಾಳು ಹಲ್ಲಿಗೆ ಸಿಗಬೇಕಪಾ."

"ಹಲ್ಲು ಎಲ್ಲಿ ಅದಾವಬೇ ನಿನಗ?"

"ಹಲ್ಲು ಹೋದ್ರ ನಾಲಗಿ ಹೋಗ್ತದೇನು?" ಎಂದು ಬಟ್ಟಲು ಸರಿಸಿದಳು. ಬೈದಳಲ್ಲ ಎಂದು ನನಗೆ ಒಳಗೊಳಗೇ ಖುಷಿ; ಬೈಯುವಷ್ಟು ಕಸುವು ಬಂದರೆ ಉಣ್ಣುವ ಕಸುವೂ ಬಂದೀತು. "ಬೆಳ್ಳೊಳ್ಳಿ ಕಡಿಮಿ ಆತೇನು?" ಎಂದು ಕೇಳಿದೆ.

"ಬೆಳ್ಳೊಳ್ಳಿ?" ಅವ್ವ ಕಣ್ಣರಳಿಸಿದಳು. "ಹಸಿ ತೊಗರಿಗೆ ಬೆಳ್ಳೊಳ್ಳಿ ಹಾಕಿದ್ರ ತೊಗರಿ ವಾಸನಿ ಸಾಯ್ತದ. ನಾ ನನ್ನ ಜನ್ಮದಾಗ ಹಾಕಿಲ್ಲ."

ಇಲ್ಲಿಗೆ ನನ್ನ ಸಾಕ್ಷಿ ಕುಸಿದುಬಿತ್ತು. ಏಕೆಂದರೆ ನನ್ನ ನೆನಪಿನ ಉದಕದಲ್ಲಿ ಉಳಿದದ್ದೆಲ್ಲ ಮಸುಕಾದರೂ ಬೆಳ್ಳುಳ್ಳಿ ಮಾತ್ರ ಸ್ಪಷ್ಟವಾಗಿತ್ತು. ಹಸಿಯದಲ್ಲ, ಹುರಿದದ್ದೂ ಅಲ್ಲ, ಸುಟ್ಟದ್ದು. ಎಲ್ಲಿಂದ ಬಂತು ಅದು? ಇಡೀ ಮಧ್ಯಾಹ್ನ ಅಡಿಗೆಮನೆ, ಪಡಸಾಲೆ ಎಂದು ತಿರುಗಾಡಿದೆ. "ಕೂಡ್ರ್ರಿ ಒಂದ್ ಕಡಿ, ನೆಲ ಸವೀತದ," ಎಂದಳು ಹೆಂಡತಿ.

ಕೂತಾಗಲೇ ಹೊಳೆಯಿತು. ಅವ್ವ ರೊಟ್ಟಿ ಬಡಿಯಲು ಒಳಗೆ ಹೋಗುತ್ತಿದ್ದಳು. ಖಾಲಾ ಒಲೆಯ ಮುಂದೆ ಒಬ್ಬಳೇ. ಕೆಂಡದ ಅಂಚಿನಿಂದ ಕಪ್ಪಾದ ಒಂದು ಗಡ್ಡೆಯನ್ನು ಕಡ್ಡಿಯಿಂದ ಎಳೆದು, ಸೆರಗಿನಲ್ಲಿ ತಿಕ್ಕಿ ಸಿಪ್ಪೆ ಸುಲಿದು, ಅಂಗೈಯಲ್ಲೇ ಹಿಸುಕಿ ಗಡಿಗೆಗೆ ಬಿಡುತ್ತಿದ್ದಳು. ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳು: "ಚುಪ್!" ಸುಟ್ಟ ಬೆಳ್ಳುಳ್ಳಿ ತೊಗರಿಯ ವಾಸನೆಯನ್ನು ಕೊಲ್ಲುವುದಿಲ್ಲ, ಅದರ ಬೆನ್ನಿಗೆ ನಿಲ್ಲುತ್ತದೆ. ಅವ್ವ ಬಂದು ಸವಟಿನಲ್ಲಿ ರುಚಿ ನೋಡಿ, "ನೋಡ್ರಿ, ಬೆಳ್ಳೊಳ್ಳಿ ಇಲ್ದss ಹೆಂಗ ಬಂದದ," ಎಂದು ಹೆಮ್ಮೆಪಡುತ್ತಿದ್ದಳು. "ಬಹುತ್ ಅಚ್ಛಾ ಬಂದದ್ರೀ ಅಕ್ಕಾ," ಎಂದು ಖಾಲಾ ಒಲೆ ಊದುತ್ತಿದ್ದಳು.

ಇದು ನಡೆದದ್ದೋ, ನನ್ನ ಅನುಕೂಲಕ್ಕೆ ನಾನೇ ಕಟ್ಟಿಕೊಂಡದ್ದೋ? ಖಾಲಾ ಈಗಿಲ್ಲ, ಕೇಳುವಂತಿಲ್ಲ. ಪರೀಕ್ಷಿಸಲು ಇದ್ದ ದಾರಿ ಒಂದೇ. ಮರುದಿನ ಕಾಳನ್ನು ಹಂಚಿನ ಮೇಲೆ ಚಟಗುಡುವವರೆಗೆ ಹುರಿದೆ. ಅರ್ಧವನ್ನು ಕಲ್ಲಿನಲ್ಲಿ ಒರಟಾಗಿ ಕುಟ್ಟಿ, ಅರ್ಧವನ್ನು ಇಡಿಯಾಗಿ ಬಿಟ್ಟೆ. ಹಸಿಮೆಣಸಿನಕಾಯಿ, ಜೀರಿಗೆ, ಹುಣಸೆಹುಳಿ. ಅದು ಕುದಿಯುವಾಗ ಪಕ್ಕದ ಗ್ಯಾಸಿನ ಉರಿಗೆ ಬೆಳ್ಳುಳ್ಳಿ ಗಡ್ಡೆಯನ್ನು ಸಿಪ್ಪೆ ಸಮೇತ ಹಿಡಿದು ಸುಟ್ಟು, ಸುಲಿದು ಹಿಸುಕಿ ಉದಕಕ್ಕೆ ಬಿಟ್ಟೆ. ಅವ್ವನ ಕೋಣೆಯ ಬಾಗಿಲು ಮುಚ್ಚಿಬಂದಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ.

ರೊಟ್ಟಿ ಮುರಿದು ಹಾಕಿದ ಬಟ್ಟಲನ್ನು ಅವಳ ಕೈಗಿಟ್ಟೆ. ಒಂದು ಗುಟುಕು. ಇನ್ನೊಂದು. ಹಬೆಗೆ ಅವಳ ಮೂಗು ಸುರಿಯತೊಡಗಿತು. ಸೆರಗಿನಿಂದ ಒರೆಸಿಕೊಂಡು ಮತ್ತೆ ಬಟ್ಟಲಿಗೆ ಬಾಗಿದಳು. ಹೆಂಡತಿ ಬಾಗಿಲ ಚೌಕಟ್ಟಿಗೆ ಆತು ನಿಂತು, ಮಾತಾಡಬೇಡಿ ಎಂದು ನನಗೆ ಕಣ್ಣಲ್ಲೇ ಹೇಳಿದಳು. ಬಟ್ಟಲು ಬರಿದಾಯಿತು.

"ಏನ್ ಹಾಕಿದಿಲೇ ಇದಕ್ಕ?"

"ನೀ ಹಾಕ್ತಿದ್ದಿ ಅಲ್ಲಬೇ, ಅದನ್ನss."

"ಹಂ," ಎಂದು ಬಟ್ಟಲು ಮುಂದೆ ಚಾಚಿದಳು. "ಇನ್ನಷ್ಟು ಹಾಕು."

ಅಷ್ಟರಲ್ಲಿ ಅಕ್ಕನ ಫೋನು ಬಂತು. ಸ್ಪೀಕರಿಗೆ ಹಾಕಿ ಅವ್ವನ ಮುಂದೆ ಹಿಡಿದೆ. "ಯವ್ವಾ, ಏನರೆ ಉಂಡ್ಯೇನಬೇ?"

"ಉಂಡೆ. ಹಸಿ ತೊಗರಿ ಉದಕ ಮಾಡಿದ್ದೆ," ಎಂದಳು ಅವ್ವ.

"ನೀ ಮಾಡಿದಿ? ಹಾಸಿಗಿ ಬಿಟ್ಟು ಏಳಾಕ ಬರ್ವಲ್ದು!"

"ಯಾಕ, ನನ್ನ ಕೈ ಹೋಗ್ಯಾವೇನು? ಬೆಳ್ಳೊಳ್ಳಿ ಇಲ್ದss ಮಾಡೇನಿ. ಇವಗೂ ಉಣ್ಣಾಕ ಹಾಕೇನಿ."

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಅಡಿಗೆಮನೆಗೆ ಓಡಿದಳು. ಪದವಿ ಪಡೆದಾಗಲೂ ನನ್ನ ಎದೆ ಇಷ್ಟು ಉಬ್ಬಿರಲಿಲ್ಲ. ಜೀವನದಲ್ಲಿ ಯಾರ ಅಡಿಗೆಯನ್ನೂ ಹೊಗಳದ ಹೆಂಗಸು ನನ್ನ ಅಡಿಗೆಯನ್ನು ಹೊಗಳಲಿಲ್ಲ, ತನ್ನದೆಂದು ಕಸಿದುಕೊಂಡಳು.

ಅಕ್ಕನಿಗೆ ನಂಬಿಕೆ ಬರಲಿಲ್ಲ. "ತಮ್ಮಾ, ಖರೇ ಹೇಳು. ಅವ್ವನss ಮಾಡಿದಳೇನು?"

ಅವ್ವ ಚಮಚ ಹಿಡಿದುಕೊಂಡೇ ನನ್ನ ಮುಖ ನೋಡುತ್ತಿದ್ದಳು.

"ಹೌದಬೇ, ಅವ್ವನss," ಅಂದೆ. ಯಾವ ಪ್ರಶ್ನೆಗಾದರೂ ನಾನು ಇಷ್ಟು ಖಚಿತವಾಗಿ ಹೌದು ಅಂದದ್ದು ನನಗೆ ನೆನಪಿಲ್ಲ.